ಎತ್ತು ಮೇಯ್ದ ಕತೆ

ಗಾಡಿ ದಿಂಡಿಗಲ್ಲಿನ ಪೇಟೆಬೀದಿ ದಾಟುವಷ್ಟರಲ್ಲೇ ಚಿನ್ನತಾಯಿ ಅತ್ತ ಸರಿದು, ಇತ್ತ ಸರಿದು, ಮತ್ತೆ ಹಿಂದಕ್ಕೆ ಜರುಗಿ ಸಾಕಾಗಿದ್ದಳು. ಎಲ್ಲಿ ಕೂತರೂ ಹುಲ್ಲಿನಡಿಯಿಂದ ಏನೋ ಒತ್ತುತ್ತಿತ್ತು. ಕೊನೆಗೆ ಹುಲ್ಲಿನೊಳಗೆ ಕೈ ತೂರಿಸಿ ಎಳೆದಾಗ ಹಳದಿ ಅಟ್ಟೆಯ ದಪ್ಪ ಪುಸ್ತಕವೊಂದು ಹೊರಗೆ ಬಂತು.

ಮೂಕಿಯ ಮೇಲೆ ಕೂತು ಗಾಡಿ ಹೊಡೆಯುತ್ತಿದ್ದ ಅಳಿಯ ಅಳಗರ್ ಹಿಂದಿರುಗಿ ನೋಡಲಿಲ್ಲ. ಅವನ ಕತ್ತು ಮಾತ್ರ ಸ್ವಲ್ಪ ಕುಗ್ಗಿತು.

"ಮಾಪ್ಳೆ, ಪುಸ್ತಗ ಮುಟ್ಟಾಕಿಲ್ಲ ಅಂತ ದೀಪ ಮುಟ್ಟಿ ಆಣೆ ಮಾಡವ್ರೆ ಅಂತ ನನ್ ಮಗ್ಳು ಯೋಳಿ ಕಳ್ಸಿದ್ಳು. ಇದೇನು, ಎತ್ತಿನ ತಲೆದಿಂಬಾ?"

ಆಣೆ ಮಾಡಿದ್ದು ನಿಜವೆಂದು ಅಳಗರ್ ಒಪ್ಪಿಕೊಂಡ. ಆದರೆ ಆಣೆಯ ಮಾತು ಬೇರೆ ಇತ್ತು. ಮನೆಯಲ್ಲಿರುವ ಒಂದು ಪುಸ್ತಕವೂ ಗಾಡಿ ಹತ್ತುವುದಿಲ್ಲ ಎಂದಷ್ಟೇ ಅವನು ಹೇಳಿದ್ದು. ಹತ್ತಿಲ್ಲ. ಇದನ್ನು ಇವತ್ತು ಬೆಳಿಗ್ಗೆ, ಹತ್ತಿ ಮೂಟೆ ಇಳಿಸಿದ ಮೇಲೆ, ದಿಂಡಿಗಲ್ಲಿನಲ್ಲಿ ಕೊಂಡದ್ದು. ಚಿನ್ನತಾಯಿ ಈ ನ್ಯಾಯವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ತೂಗಿ ನೋಡಿ, ತನ್ನ ಮಗಳು ಇವನ ಜೊತೆ ಹೇಗೆ ಬಾಳುತ್ತಿದ್ದಾಳೋ ಎಂದು ಎತ್ತುಗಳಿಗೆ ಕೇಳುವಂತೆ ಹೇಳಿದಳು.

ಅಳಗರ್ ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ. ತನ್ನೂರಾದ ತೇವಾರದಲ್ಲಿ ಬಾವಿ ಇದ್ದ ಹೊಲ, ಗಟ್ಟಿ ಗಾಡಿ, ಜೋಡಿ ಎತ್ತು ಎಲ್ಲ ಇತ್ತು. ಚಿಕ್ಕಂದಿನಲ್ಲಿ ಜಗಲಿ ಶಾಲೆಯ ಮರಳಿನ ಮೇಲೆ ತಮಿಳು ಅಕ್ಷರ ತಿದ್ದಿದ್ದೇ ಅವನಿಗೆ ತಗುಲಿದ ಗ್ರಹಚಾರ. ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವಾಗ ಅವನಿಗೆ ಪುಸ್ತಕದ ನೆನಪಾಗುತ್ತಿತ್ತು, ಪುಸ್ತಕ ಹಿಡಿದಾಗ ಕಪಿಲೆಯ ನೆನಪಾಗುತ್ತಿತ್ತು. ಎರಡನೆಯದು ಮಾತ್ರ ಸ್ವಲ್ಪ ತಡವಾಗಿ ಬರುತ್ತಿತ್ತು. ಹಾಗೆ ತಡವಾಗಿ ಬಂದ ಒಂದು ದಿನ ಕಾಲುವೆ ಒಡೆದು, ಅವನ ಬಾವಿಯ ನೀರೆಲ್ಲ ಪಕ್ಕದ ಗೋವಿಂದನ್ ಹೊಲಕ್ಕೆ ಹರಿದು, ಆ ವರ್ಷ ಗೋವಿಂದನ್ ಮೆಣಸಿನಕಾಯಿ ಊರಿಗೇ ಮಾದರಿಯಾಗಿತ್ತು. ಪುಸ್ತಕದ ಮೇಲೆ ಹೆಂಡತಿ ರಂಗಮ್ಮಾಳಿಗೆ ಸಿಟ್ಟು ಹತ್ತಿದ್ದು ಅಲ್ಲಿಂದ.

ಈ ಸಲದ ಪ್ರಯಾಣ ಸಣ್ಣದಲ್ಲ. ಅಳಗರನ ಮಗಳು ಆಂಡಾಳಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ರಂಗಮ್ಮಾಳಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಆದ್ದರಿಂದ ಅಜ್ಜಿಯೇ ತೊಡೆ ಕೊಡಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ದಿಂಡಿಗಲ್ಲಿನ ಹತ್ತಿರದ ಹಳ್ಳಿಯಲ್ಲಿದ್ದ ಚಿನ್ನತಾಯಿ ಆ ತೊಡೆಯನ್ನೂ ಚಿನ್ನದ ಓಲೆಯನ್ನೂ ತೆಗೆದುಕೊಂಡು ಹೊರಟಿದ್ದಳು. ಶಾಸ್ತ್ರದ ಹಿಂದಿನ ಸಂಜೆಗೇ ಗಾಡಿ ಮನೆ ಮುಂದೆ ನಿಲ್ಲಬೇಕು ಎಂಬುದು ರಂಗಮ್ಮಾಳಿನ ಕಟ್ಟಪ್ಪಣೆ.

ವತ್ತಲಗುಂಡಿನ ದಾರಿ ಹಿಡಿಯುವವರೆಗೆ ಚಿನ್ನತಾಯಿ ಪುಸ್ತಕವನ್ನು ತನ್ನ ಗಂಟಿನ ಕೆಳಗೇ ಇಟ್ಟುಕೊಂಡಿದ್ದಳು. ಬಿಸಿಲು ಏರಿತು. ದಾರಿಯ ಎರಡೂ ಕಡೆ ಹುಣಸೆಮರ ಬಿಟ್ಟರೆ ನೋಡಲು ಏನೂ ಇರಲಿಲ್ಲ. ಊರಿನ ಸಾವು, ಮದುವೆ, ಜಗಳಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವಳು ಪುಸ್ತಕವನ್ನು ತಿರುಗಿಸಿ ನೋಡಿ, ಇದರಲ್ಲಿ ಅಂಥದ್ದೇನಿದೆ ಎಂದು ಕೇಳಿದಳು. ಕೇಳಿದ್ದು ಬೈಯುವುದಕ್ಕೇ. ಅಳಗರ್ ಹಗ್ಗವನ್ನು ಮೂಕಿಗೆ ಸುತ್ತಿ ಹಿಂದಕ್ಕೆ ತಿರುಗಿ ಕೂತ.

ತಮಿಳಿನಲ್ಲಿ ಓದಿ, ಮನೆಮಾತಾದ ಕನ್ನಡದಲ್ಲಿ ಬಿಡಿಸಿ ಹೇಳಿದ. ಒಬ್ಬ ವ್ಯಾಪಾರಿ, ಮಳೆಗಾಲಕ್ಕೆ ಬರುತ್ತೇನೆಂದು ಹೆಂಡತಿಗೆ ಹೇಳಿ ಹಡಗು ಹತ್ತಿದವನು ವರ್ಷಗಳಾದರೂ ಬರಲಿಲ್ಲ. ಹೆಂಡತಿ ಕಾದಳು, ಅತ್ತಳು, ಒಂದು ದಿನ ಅಳು ನಿಲ್ಲಿಸಿ, ಗಂಡಸಿನ ಹಾಗೆ ಮುಂಡಾಸು ಸುತ್ತಿಕೊಂಡು ಹೊರಟೇಬಿಟ್ಟಳು. ಹೋದ ದೇಶದ ರಾಜ ಅವಳ ಬುದ್ಧಿಗೆ ಮೆಚ್ಚಿ ಮಂತ್ರಿ ಮಾಡಿಕೊಂಡ. ಇಷ್ಟಾಗುವಾಗ ಚಿನ್ನತಾಯಿ ಎಲೆ ಅಡಿಕೆ ಬಾಯಿಗಿಟ್ಟುಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದು ಕೂತಿದ್ದಳು. ಎದುರಿಗೆ ಬಂದ ಗಾಡಿಯವರು ದಾರಿ ಬಿಡಿ ಎಂದು ಕೂಗಿದರೆ, ಸ್ವಲ್ಪ ಸುಮ್ಮನಿರ್ರಪ್ಪಾ ಎಂದು ಅವಳೇ ಗದರಿದಳು. ದಾರಿಯಲ್ಲಿ ರಾತ್ರಿ ತಂಗಿದ ಛತ್ರದಲ್ಲಿ ಹಣತೆಯ ಎಣ್ಣೆ ತೀರಿತೆಂದು ಅಳಗರ್ ಪುಸ್ತಕ ಮುಚ್ಚಿದಾಗ, ಅತ್ತೆ ತನ್ನ ತಲೆಗೆ ಹಚ್ಚಿಕೊಳ್ಳಲು ತಂದಿದ್ದ ಎಣ್ಣೆಯನ್ನೇ ಮುಂದೆ ಇಟ್ಟಳು.

ಮರುದಿನ ಪೆರಿಯಕುಳದ ಹತ್ತಿರದ ಮಾವಿನ ತೋಪಿನಲ್ಲಿ ಎತ್ತು ಬಿಚ್ಚಿ ಊಟಕ್ಕೆ ಕೂತರು. ಕತೆ ಕುದಿಯುವ ಹಂತಕ್ಕೆ ಬಂದಿತ್ತು. ರಾಜನ ಮುತ್ತಿನ ಹಾರ ಕದ್ದನೆಂದು ಒಬ್ಬನನ್ನು ಹಿಡಿದು ಮಂತ್ರಿಯ ಮುಂದೆ ನಿಲ್ಲಿಸಿದ್ದಾರೆ. ಮಂತ್ರಿ ನೋಡುತ್ತಾಳೆ, ತನ್ನ ಗಂಡ. ಗಂಡನಿಗೆ ಅವಳ ಗುರುತೇ ಸಿಕ್ಕಿಲ್ಲ. ಮಂತ್ರಿ ಮುಂಡಾಸು ಸರಿಮಾಡಿಕೊಂಡು ತೀರ್ಪು ಹೇಳಲು ಬಾಯಿ ತೆರೆದಳು. ಅಲ್ಲಿಗೆ ನಿಲ್ಲಿಸಿ, ಉಂಡು ಕೈತೊಳೆದು ಬರೋಣವೆಂದು ಅಳಗರ್ ಪುಸ್ತಕವನ್ನು ಹುಲ್ಲಿನ ಮೇಲೆ ಬೋರಲು ಹಾಕಿ ಹೋದ.

ಬಂದು ನೋಡಿದಾಗ ಎಡಗಡೆಯ ಎತ್ತು ಕಣ್ಣು ಅರೆಮುಚ್ಚಿ ನಿಧಾನವಾಗಿ ಮೆಲುಕು ಹಾಕುತ್ತಿತ್ತು. ಅದರ ಬಾಯಿಯ ಮೂಲೆಯಲ್ಲಿ ಹಳದಿ ಅಟ್ಟೆಯ ಚೂರು. ಅಳಗರ್ ದವಡೆ ಬಿಡಿಸಿ ಕೈ ಹಾಕಿದ. ಸಿಕ್ಕಿದ್ದರಲ್ಲಿ ಓದುವಂಥದ್ದು ಏನೂ ಉಳಿದಿರಲಿಲ್ಲ. ನೆಲದ ಮೇಲಿದ್ದ ಪುಸ್ತಕ ಸರಿಯಾಗಿ ಮಂತ್ರಿ ಬಾಯಿ ತೆರೆದಲ್ಲಿಗೆ ಮುಗಿದಿತ್ತು.

ಚಿನ್ನತಾಯಿ ಎತ್ತನ್ನು ಬಹಳ ಹೊತ್ತು ದಿಟ್ಟಿಸಿದಳು. ಮನೆಯಲ್ಲಿ ಯಾರೋ ತೀರಿಕೊಂಡಂತೆ ಇಬ್ಬರೂ ಗಾಡಿ ಕಟ್ಟಿದರು. ತೇನಿ ಹತ್ತಿರ ಬರುವಾಗ ಅವಳಿಗೆ ತಡೆಯಲಾಗಲಿಲ್ಲ. ಇಷ್ಟು ಪುಸ್ತಕ ಓದಿದವನಿಗೆ ಮುಂದೇನಾಗುತ್ತದೆಂದು ಗೊತ್ತಾಗದೆ ಇರುತ್ತದೆಯೇ ಎಂದು ಕೇಳಿದಳು. ಅಳಗರ್ ಯೋಚಿಸಿ, ಮಂತ್ರಿ ಮುಂಡಾಸು ಬಿಚ್ಚಿದಳು, ಕೂದಲು ಬೆನ್ನ ಮೇಲೆ ಇಳಿಬಿತ್ತು, ಗಂಡ ಹೆಂಡತಿ ತಬ್ಬಿಕೊಂಡು ಅತ್ತರು, ರಾಜ ಇಬ್ಬರಿಗೂ ಉಡುಗೊರೆ ಕೊಟ್ಟು ಊರಿಗೆ ಕಳಿಸಿದ ಎಂದ.

"ಅಷ್ಟೇನಾ?" ಎಂದಳು ಚಿನ್ನತಾಯಿ. "ಅಷ್ಟು ವರ್ಸ ಅವ್ಳು ಬಾಗ್ಲು ಕಾದದ್ದು ಏನಾತು? ಚಾಟಿ ತಕ್ಕಂಡು ಬಾರಿಸ್ಬೇಕು ಅವನ್ನ. ಆಮ್ಯಾಕೆ ಕತ್ತೆ ಮ್ಯಾಲೆ ಕೂರ್ಸಿ ಊರು ಸುತ್ತಿಸ್ಬೇಕು."

ಅವನ ತಪ್ಪೇನಿದೆ, ಬಿರುಗಾಳಿಗೆ ಹಡಗು ಮುಳುಗಿತಲ್ಲ ಎಂದು ಅಳಗರ್ ವಾದಿಸಿದ.

"ಬಿರುಗಾಳಿ ಪುಸ್ತಗದಾಗೆ ಇತ್ತಾ, ಇಲ್ಲ ಈವಾಗ ನೀವು ಬುಟ್ಟಿದ್ದಾ?"

ಈಗ ಬಿಟ್ಟದ್ದೇ. ಆದರೆ ಅಳಗರ್ ಬಿಟ್ಟುಕೊಡಲಿಲ್ಲ. ಗಂಡಸಿಗೆ ಹೊರಗೆ ನೂರು ತೊಡಕಿರುತ್ತದೆ, ಮನಸ್ಸಿನಲ್ಲಿ ಮನೆ ಇದ್ದೇ ಇರುತ್ತದೆ ಎಂದ. ಮನಸ್ಸಿನಲ್ಲಿದ್ದರೆ ಹೆಂಡತಿಯ ಕೊಡಕ್ಕೆ ನೀರು ಬರುತ್ತದೆಯೇ ಎಂದು ಅತ್ತೆ ಕೇಳಿದಳು. ಅವನು ಒಂದು ಹಡಗು ಮುಳುಗಿಸಿದರೆ ಅವಳು ತೇಲಿಸಿದಳು. ಅವನು ಗಂಡನಿಗೆ ಜ್ವರ ಬರಿಸಿದರೆ ಅವಳು ಕಷಾಯ ಕುಡಿಸಿ ಎಬ್ಬಿಸಿದಳು. ಬೇರೆ ಹೆಂಗಸೊಬ್ಬಳನ್ನೂ ಅವಳು ಕತೆಯೊಳಗೆ ತಂದು ಕೂರಿಸಿದಾಗ ಅಳಗರನಿಗೆ ನಿಜವಾಗಿಯೂ ಸಿಟ್ಟು ಬಂತು. ವ್ಯಾಪಾರಿ ಅಂಥವನಲ್ಲ ಎಂದು ಮೂಕಿಗೆ ಕೈ ಬಡಿದು ಹೇಳಿದ.

ತಲೆ ಎತ್ತಿ ನೋಡಿದಾಗ ಎರಡೂ ಕಡೆ ಹಸಿರು ಬತ್ತದ ಗದ್ದೆ, ಗದ್ದೆಗಳಲ್ಲಿ ಕೊಕ್ಕರೆ. ತೇವಾರಕ್ಕೆ ಹೋಗುವ ಬೋಡಿಯ ದಾರಿಯಲ್ಲಿ ಬತ್ತವೆಲ್ಲಿ ಬಂತು? ಸೂರ್ಯ ಇಳಿಯುತ್ತಿದ್ದ. ಗದ್ದೆಯಲ್ಲಿದ್ದವರನ್ನು ಕೇಳಿದರೆ, ಚಿನ್ನಮನೂರು ಬಂತು ಎಂದರು. ಹಿಂದಿನ ಎರಡು ಬೇಸಗೆಯೂ ಅಳಗರ್ ಅಮ್ಮಯನಾಯಕ್ಕನೂರಿನ ರೈಲು ನಿಲ್ದಾಣದಿಂದ ಮಲೆಯ ಮೇಲಿನ ಅಣೆಕಟ್ಟಿನ ಕೆಲಸಕ್ಕೆ ಕಬ್ಬಿಣ ಹೇರಿದ್ದ. ತೇನಿಯಲ್ಲಿ ದಾರಿ ಕವಲೊಡೆಯುವಾಗ ಯಾರೂ ಏನೂ ಹೇಳದಿದ್ದುದರಿಂದ ಎತ್ತುಗಳು ಆ ಅಭ್ಯಾಸದ ಮೇಲೆ ಕಂಬಂ ಊರಿನ ದಾರಿ ಹಿಡಿದು, ಆ ಮಲೆಯ ಬುಡದ ಗೂಡಲೂರಿಗೆ ನಿಷ್ಠೆಯಿಂದ ಹೊರಟಿದ್ದವು.

ರಾತ್ರಿ ಗದ್ದೆಗಳ ನಡುವೆ ಗಾಡಿ ಇಳಿಸುವಂತಿರಲಿಲ್ಲ. ಅಲ್ಲೇ ತಂಗಿ, ಬೆಳಕು ಹರಿಯುವಾಗ ತೇವಾರದ ಅಡ್ಡದಾರಿ ಹಿಡಿದರೂ ಕಲ್ಲು, ಹಳ್ಳ, ಕಳ್ಳಿಬೇಲಿ. ದಾರಿಯುದ್ದಕ್ಕೂ ಇಬ್ಬರೂ ಕತೆಯ ಸುದ್ದಿ ಎತ್ತಲಿಲ್ಲ. ಮನೆಯಲ್ಲಿ ಏನು ಹೇಳಬೇಕೆಂಬುದನ್ನು ಮಾತ್ರ ಆಡಿಕೊಂಡರು. ಆಡಿಕೊಂಡದ್ದು ಇಬ್ಬರಿಗೂ ಬೇರೆ ಬೇರೆಯಾಗಿ ನೆನಪುಳಿಯಿತು.

ತೇವಾರದ ಮನೆಯ ಮುಂದೆ ಗಾಡಿ ನಿಂತಾಗ ಚಪ್ಪರದಡಿ ಉಂಡ ಎಲೆಗಳನ್ನು ಎತ್ತುತ್ತಿದ್ದರು. ಒಳ್ಳೆಯ ಹೊತ್ತು ಮೀರಬಾರದೆಂದು ಹಿರಿಯರು ಅವಸರ ಮಾಡಿದ್ದರಿಂದ, ಅಕ್ಕಸಾಲಿ ಆಚಾರಿ ಯಾರದೋ ಮನೆಯಿಂದ ತಂದ ಬಂಗಾರದ ತಂತಿಯಲ್ಲಿ ಕಿವಿ ಚುಚ್ಚಿ ಹೊರಟುಹೋಗಿದ್ದ. ತೊಡೆ ಕೊಟ್ಟವನು ಗೋವಿಂದನ್. ಹೊಸ ರುಮಾಲು ಸುತ್ತಿಕೊಂಡು ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದ ಅವನು, ಇನ್ನು ತಾನೇ ಸೋದರಮಾವ, ಮಗುವಿನ ಮದುವೆಯಲ್ಲೂ ಮೊದಲ ಮರ್ಯಾದೆ ತನಗೇ ಎಂದು ಅಳಗರನಿಗೆ ತಿಳಿಸಿದ.

ರಂಗಮ್ಮಾಳ್ ಬಾಗಿಲಿಗೆ ಬಂದಳು. "ಗಾಡಿ ಅಚ್ಚು ಮುರೀತು" ಎಂದಳು ಚಿನ್ನತಾಯಿ. ಅದೇ ಕ್ಷಣಕ್ಕೆ ಅಳಗರ್ "ಎತ್ತಿಗೆ ಹೊಟ್ಟೆನೋವು" ಎಂದ. ರಂಗಮ್ಮಾಳ್ ಅಚ್ಚನ್ನು ನೋಡಿದಳು, ಎತ್ತನ್ನು ನೋಡಿದಳು, ಹುಲ್ಲಿನಿಂದ ಇಣುಕುತ್ತಿದ್ದ ಅರ್ಧ ಪುಸ್ತಕವನ್ನು ನೋಡಿದಳು. ಇಬ್ಬರಿಗೂ ಎಲೆ ಹಾಕಿ ಬಡಿಸಿದಳು. ಅರಿಸಿನ ಹಚ್ಚಿದ ಪುಟ್ಟ ಕಿವಿಗಳ ಮಗು ಅತ್ತು ಅತ್ತು ಮಲಗಿತ್ತು. ಚಿನ್ನತಾಯಿ ಓಲೆಯ ಗಂಟನ್ನು ಮಗುವಿನ ತಲೆಯ ಬಳಿ ಇಟ್ಟು, ಉಣ್ಣದೆ, ತನ್ನ ಖಾಲಿ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಳು.

ಮರುದಿನ ಬೆಳಿಗ್ಗೆ ರಂಗಮ್ಮಾಳ್ ರಾಗಿ ಬೀಸಲು ಕೂತಾಗ ಅಳಗರ್ ಹೊಲಕ್ಕೆ ಹೋಗುವವನಂತೆ ಅಂಗಳದಲ್ಲಿ ಸುಳಿದಾಡಿದ. ಚಿನ್ನತಾಯಿ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಗೋಡೆಗೆ ಒರಗಿದ್ದಳು. ಬೀಸುವ ಕಲ್ಲು ಸ್ವಲ್ಪ ಹೊತ್ತು ತಿರುಗಿತು.

"ಎತ್ತಿಗೆ ಓದಿ ಯೋಳ್ತೀರಿ. ಆಡು ಕಾಯೋವ್ರಿಗೆ ಯೋಳ್ತೀರಿ. ನಮ್ಮವ್ವನಿಗೂ ಆತು," ಎಂದಳು ರಂಗಮ್ಮಾಳ್, ತಲೆ ಎತ್ತದೆ. "ನಂಗೆ ಒಂದ್ ದಪನಾದ್ರೂ ಯೋಳಿದ್ರಾ?"

ನೀನು ಕೂತದ್ದು ಯಾವಾಗ ಎಂದು ಕೇಳಲು ಅಳಗರ್ ಬಾಯಿ ತೆರೆದ. ಅವಳು ಕೂತೇ ಇದ್ದಳು, ಬೀಸುವ ಕಲ್ಲಿನ ಮುಂದೆ. ಅವನು ಬಾಯಿ ಮುಚ್ಚಿಕೊಂಡು ಬಂದು ಎದುರಿಗೆ ಕೂತ. ಪುಸ್ತಕವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ, ಕಲ್ಲಿನ ಗೂಟವನ್ನು ಅವಳ ಕೈಯ ಮೇಲುಗಡೆ ಹಿಡಿದು ತಿರುಗಿಸತೊಡಗಿದ. ಕತೆ ಶುರುವಾಯಿತು. ರಸ ಏರಿದಲ್ಲೆಲ್ಲ ಕಲ್ಲು ನಿಲ್ಲುತ್ತಿತ್ತು, ರಂಗಮ್ಮಾಳ್ ಮೊಣಕೈಯಿಂದ ತಿವಿದರೆ ಮತ್ತೆ ತಿರುಗುತ್ತಿತ್ತು. ಮಂತ್ರಿಯ ಮುಂದೆ ಗಂಡ ಬಂದು ನಿಂತಲ್ಲಿಗೆ ಬಂದು, ಇಲ್ಲಿಂದ ಮುಂದಿನದು ಎತ್ತಿನ ಹೊಟ್ಟೆಯಲ್ಲಿದೆ ಎಂದು ಒಪ್ಪಿಕೊಂಡ. ತಬ್ಬಿಕೊಂಡು ಅತ್ತರು ಎಂದು ತನ್ನ ಅಭಿಪ್ರಾಯ ಹೇಳಿದ. ಚಾಟಿ ಎಂದು ಗೋಡೆಯ ಕಡೆಯಿಂದ ಚಿನ್ನತಾಯಿ ಹೇಳಿದಳು.

ರಂಗಮ್ಮಾಳ್ ಹಣೆಯ ಮೇಲಿನ ಹಿಟ್ಟು ಒರೆಸಿಕೊಂಡಳು.

"ಎಲ್ಡೂ ಇಲ್ಲ," ಎಂದಳು. "ಅವ್ಳು ಮುಂಡಾಸು ಬಿಚ್ಚಿ ಅವನ ತಲೆ ಮ್ಯಾಲೆ ಮಡಗಿದ್ಳು. ನೀನು ಕೂತ್ಕಂಡು ಈ ತೀರ್ಪು ಗೀರ್ಪು ಎಲ್ಲ ನೋಡ್ಕ, ನಾನು ಒಸಿ ಊರು ನೋಡ್ಕಂಡು ಬತ್ತೀನಿ ಅಂದ್ಳು. ಅಂದು ಒಂಟೋದ್ಳು."

ಹೇಳಿ ಎದ್ದು, ಮೂಲೆಯಲ್ಲಿದ್ದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊರಟಳು. ಅಳಗರ್ ಗೂಟ ಹಿಡಿದು ನೋಡುತ್ತಿದ್ದ. ಬಾವಿಯ ಓಣಿಯವರೆಗೂ ಹೋದವಳು ಅಲ್ಲಿ ತಿರುಗದೆ, ಕೊಡ ಬೀಸಿಕೊಂಡು ದೊಡ್ಡ ಬೀದಿಯ ಕಡೆಗೇ ನಡೆದಳು. ಮಡಿಲಿನ ಮಗು ಎಚ್ಚರವಾಗಿ ಸಣ್ಣಗೆ ಕುಯ್ಗುಟ್ಟಿತು. ಚಿನ್ನತಾಯಿ ಅದನ್ನು ಒಂದು ಕೈಯಲ್ಲಿ ತಟ್ಟುತ್ತ, ಮುಂದಕ್ಕೆ ಬಾಗಿ, ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಸುರಿದಳು.