ಹೆಂಡತಿ ಸತ್ತಾಗ ನಕ್ಕ ಡ್ರೈವರ್

ಹೆಂಡತಿಯ ಹೆಣದ ಮುಂದೆ ಕೂತು ಗಂಡ ನಕ್ಕರೆ ಬೀದಿಯವರು ಸುಮ್ಮನಿರುತ್ತಾರೆಯೇ? ಬಾಯಿಗೆ ಬಂದಂತೆ ಆಡಿಕೊಂಡರು. ಬಸ್ ಓಡಿಸಿ ನಿವೃತ್ತನಾದ ಆ ಡ್ರೈವರ್ ಅಂದು ಬಿದ್ದು ಬಿದ್ದು ನಕ್ಕಿದ್ದ. ಅವತ್ತಿನಿಂದ ಮಗಳು ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಊಟದ ತಟ್ಟೆಯನ್ನು ಅವನ ಕೋಣೆಯ ಬಾಗಿಲಲ್ಲಿ ಕುಕ್ಕಿ ಬರುವಳು. ಒಳಗಿನಿಂದ ನಗು ಕೇಳಿಸಿದರೆ ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುವಳು.

ತಾಯಿ ಸಾಯುವ ಮೊದಲೇ ಅಪ್ಪನಿಗೆ ಸ್ಟ್ರೋಕ್ ಹೊಡೆದು ಎಡಗೈ ಬಿದ್ದುಹೋಗಿತ್ತು. ಬಿಪಿ ನೋಡಲು ಬಂದ ನರ್ಸ್ ಒಂದು ದಿನ ಕೇಳಿದಳು.

"ಅಪ್ಪನ ಹತ್ರ ಮಾತೇ ಆಡಲ್ವಂತೆ, ಯಾಕಮ್ಮ?"

"ಅಮ್ಮ ಸತ್ರೆ ನಕ್ಕ ಮನುಷ್ಯ ಸಿಸ್ಟರ್. ಅವ್ರ ಹತ್ರ ಏನು ಮಾತು?"

"ಸ್ಟ್ರೋಕ್‌ಗೆ ಮುಂಚೆನೂ ಹಿಂಗೆ ನಗ್ತಿದ್ರಾ?"

"ಎಲ್ಲಿ ಬಂತು. ಅವ್ರ ಬಸ್ಸಲ್ಲಿ ಜನ ಕೆಮ್ಮೋಕೂ ಹೆದರ್ತಿದ್ರು."

"ಹಂಗಾದ್ರೆ ಕೇಳು. ದುಃಖ ಏಳೋದು ಮೆದುಳಿನ ಒಳಭಾಗದಲ್ಲಿ. ಅದಕ್ಕೆ ಬ್ರೇಕ್ ಹಾಕೋದು ಹಣೆ ಹಿಂದಿನ ಭಾಗ. ಸ್ಟ್ರೋಕ್ ಆದಾಗ ಎರಡರ ನಡುವಿನ ದಾರಿ ಕೆಡಬಹುದು. ಆಗ ಒಳಗೆ ಸಂಕಟ ಇದ್ರೂ ಹೊರಗೆ ನಗು ಬರುತ್ತೆ. ತಡೆಯೋಕಾಗಲ್ಲ."

"ಕಥೆ ಹೇಳ್ಬೇಡಿ. ಕೈ ಬಿದ್ದಿದ್ದು ಸರಿ, ನಗೂನೂ ಕಾಯಿಲೆನಾ?"

"ಕೈ ಆಡಿಸೋದೂ ಮೆದುಳೇ, ಮುಖ ಆಡಿಸೋದೂ ಮೆದುಳೇ ಕಣಮ್ಮ."

ಮಗಳು ಕೋಣೆಯ ಬಾಗಿಲ ಕಡೆ ತಿರುಗಿದಳು. "ಮತ್ತೆ ದಿನಾ ಒಳಗಿಂದ ಕೇಳ್ತಿದ್ದಿದ್ದು?"

"ಅಳುನೇ ಇರ್ಬಹುದು. ಹೋಗಿ ಕೇಳು."

ಅವಳು ಒಳಗೆ ಹೋದಳು. ಅವಳನ್ನು ಕಂಡದ್ದೇ ಅಪ್ಪ ಬಲಗೈಯಿಂದ ದಿಂಬೆಳೆದು ಬಾಯಿಗೆ ಒತ್ತಿಕೊಂಡ. ಆದರೂ ನಗು ನುಗ್ಗಿ ಬಂತು. ಕಣ್ಣಲ್ಲಿ ಮಾತ್ರ ಧಾರಾಕಾರ ನೀರು.

"ಅವತ್ತು ಅಳು ಬಂದಿತ್ತಾ ಅಪ್ಪ?"

ಅವನು ಹೌದೆಂದು ತಲೆಯಾಡಿಸಿದ. "ಹೇಳೋಕೆ ಬಾಯಿ ಬಿಟ್ರೆ ನಗು ಬರ್ತಿತ್ತು. ನೀನು ಎದ್ದು ಹೋಗ್ತಿದ್ದೆ. ಅವಳನ್ನ ನಗ್ತಾನೇ ಕಳಿಸ್ಬಿಟ್ಟೆನಲ್ಲಮ್ಮ."

ಮಗಳು ದಿಂಬನ್ನು ಪಕ್ಕಕ್ಕಿಟ್ಟು ಅವನ ಬಳಿ ಕೂತಳು.

ಡಾಕ್ಟರು ಮಾತ್ರೆ ಕೊಟ್ಟರು. ನಗು ಕಡಿಮೆಯಾಯಿತು, ನಿಂತಿಲ್ಲ. ಹೆಂಡತಿಗಾಗಿ ಅವನು ಒಬ್ಬನೇ ಅತ್ತ ದಿನಗಳಿಗೆ ಯಾವ ಮಾತ್ರೆಯೂ ಇಲ್ಲ.

ಕೇಳುತ್ತಿರುವವರೇ, ಸ್ಟ್ರೋಕ್ ಆದವರು, ತಲೆಗೆ ಪೆಟ್ಟು ಬಿದ್ದವರು ಹೊತ್ತಲ್ಲದ ಹೊತ್ತಲ್ಲಿ ನಕ್ಕರೆ, ಅತ್ತರೆ, ಕಲ್ಲುಹೃದಯ ಎನ್ನಬೇಡಿ. ಡಾಕ್ಟರಿಗೆ ತೋರಿಸಿ. ಅದಕ್ಕೂ ಮೊದಲು ಪಕ್ಕದಲ್ಲಿ ಕೂತು, ಒಳಗೇನಾಗುತ್ತಿದೆ ಎಂದು ಕೇಳಿ. ಇವತ್ತೇ ಕೇಳಿ.