ಹದಿನೈದು ವರ್ಷದ ವಾಗ್ದಾನ

ಎಡಗಾಲಿಗೆ ಕಾಲುಚೀಲ ಹತ್ತಲೇ ಇಲ್ಲ. ಚರ್ಚಿನ ಸಭೆಯ ಹೆಂಗಸರಿಬ್ಬರು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಊದಿ ಕಪ್ಪಾಗಿದ್ದ ಪಾದದ ಅರ್ಧಕ್ಕೇ ಅದು ನಿಂತುಬಿಟ್ಟಿತು.

"ಬುಡ್ರವ್ವ ಅತ್ಲಾಗೆ," ಎಂದಳು ಬಸವಮ್ಮ. "ಇದ್ದಷ್ಟು ದಿನ ಕಂಡೋರ ಮನೆ ಬಚ್ಚಲು ತಿಕ್ಕಿದ ಕಾಲು. ಈಗ ಚೀಲ ತೊಡ್ಸಿ ಯಾವ ದಿಬ್ಬಣಕ್ಕೆ ಕಳಿಸ್ಬೇಕು?"

ಬಸವಮ್ಮ ಸತ್ತವಳ ಅಕ್ಕ. ಮೊದಲ ಬಸ್ಸಿಗೇ ಕಡಕೊಳದಿಂದ ಬಂದಿದ್ದಳು. ತಂಗಿ ಪುಟ್ಟಮಾದಮ್ಮನ ಹಣೆಗೆ ವಿಭೂತಿ ಹಚ್ಚಲು ಹೋದಾಗ ಸಭೆಯವರು ತಡೆದಿದ್ದರು. ಆಗಿನಿಂದ ಒಳಗೊಳಗೇ ಕುದಿಯುತ್ತಿದ್ದಳು.

"ನಿಮ್ ಏಸಪ್ಪ ಹದಿನೈದು ವರ್ಸ ಆಯಸ್ಸು ಕೊಟ್ಟವ್ನೆ ಅಂತಿದ್ಲು. ಯುಗಾದಿಗೆ ಬಂದಾಗ ಬಾಯ್ತುಂಬ ಹೇಳುದ್ಲು, ಆಪರೇಸನ್ ಬ್ಯಾಡ ಕಣಕ್ಕ, ಮಾತು ಕೊಟ್ಟವ್ನೆ ಅಂತ. ಆರ್ ತಿಂಗ್ಳಿಗೇ ಮುಗುದ್ಹೋಯ್ತಾ ಹದಿನೈದು ವರ್ಸ?"

"ಪೆಟ್ಗೆ ಮುಂದೆ ಜಗಳ ಬ್ಯಾಡ ಕಣಮ್ಮಿ," ಎಂದಳು ಪಕ್ಕದ ಮನೆಯ ಮುದುಕಿ ಚಿಕ್ಕತಾಯಮ್ಮ.

ಕೆಸರೆಯ ಆ ಒಂಟಿ ಕೋಣೆಯ ಮನೆಯಲ್ಲಿ ಶವದ ಪೆಟ್ಟಿಗೆ ಇಟ್ಟ ಮೇಲೆ ನಾಲ್ಕು ಜನಕ್ಕಷ್ಟೇ ಜಾಗ ಉಳಿದಿತ್ತು. ಮಗಳು ಧರಣಿ ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮಾತು ಕೊಟ್ಟವನು ಅವನಲ್ಲ ದೊಡ್ಡವ್ವ, ನಾನು. ಅಷ್ಟು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತ್ತು. ಮಣ್ಣು ಮುಚ್ಚುವುದರೊಳಗೆ ಯಾರಿಗಾದರೂ ಹೇಳಿಬಿಡಬೇಕು.

*

ಜನವರಿಯ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಪ್ರೇಮ್‌ಕುಮಾರ್ ಸ್ಟೀಲ್ ತಟ್ಟೆಯಲ್ಲಿ ವಾಗ್ದಾನದ ಕಾರ್ಡುಗಳನ್ನು ಬೋರಲು ಹಾಕಿಕೊಂಡು ನಿಲ್ಲುತ್ತಾರೆ. ಒಬ್ಬೊಬ್ಬರೂ ಒಂದೊಂದು ಎತ್ತಬೇಕು. ಅದರಲ್ಲಿ ಅಚ್ಚಾಗಿರುವ ಬೈಬಲ್ ವಚನವೇ ಆ ವರ್ಷ ದೇವರು ನಿಮಗೆ ಆಡಿದ ಮಾತು.

ಅವ್ವನಿಗೆ ಓದು ಬಾರದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಧರಣಿ ದಿನಾ ಬೆಳಿಗ್ಗೆ ಒಂದು ಅಧ್ಯಾಯ ಓದಿ ಹೇಳುತ್ತಿದ್ದಳು. ಈ ವರ್ಷ ಕಾರ್ಡು ಎತ್ತುವ ಹಿಂದಿನ ದಿನವಷ್ಟೇ ಆಸ್ಪತ್ರೆಯಲ್ಲಿ, ಸಕ್ಕರೆ ಕಾಯಿಲೆಯ ಹುಣ್ಣು ಮೂಳೆಗೆ ಇಳಿದಿದೆ, ಕಾಲಿನ ಎರಡು ಬೆರಳು ತೆಗೆಯಬೇಕು ಎಂದಿದ್ದರು. ಅವ್ವ ತಟ್ಟೆಯಿಂದ ಒಂದು ಕಾರ್ಡು ಎತ್ತಿ ಮಗಳ ಕೈಗೆ ಕೊಟ್ಟಳು.

"ಏನಂದವ್ನೆ ಓದವ್ವ."

ಕಷ್ಟದಲ್ಲಿ ತಾಳ್ಮೆಯಿಂದಿರು ಎಂದಿತ್ತು. ಧರಣಿಗೆ ಮೈ ಉರಿಯಿತು. ಅಪ್ಪ ಬಿಟ್ಟುಹೋದಾಗ ತಾಳ್ಮೆ, ಕೆಲಸದ ಮನೆಯವರು ಕಳ್ಳಿ ಎಂದಾಗ ತಾಳ್ಮೆ, ಇನ್ನೂ ತಾಳ್ಮೆಯೇ? ಹಿಂದಿನ ವಾರ ಓದಿದ್ದ ರಾಜ ಹಿಜ್ಕೀಯನ ಕತೆ ನೆನಪಾಯಿತು. ಸಾಯಲು ಬಿದ್ದಿದ್ದ ರಾಜ ಗೋಡೆಗೆ ಮುಖ ಮಾಡಿ ಅತ್ತಿದ್ದಕ್ಕೆ ದೇವರು ಅವನಿಗೆ ಹದಿನೈದು ವರ್ಷ ಕೊಟ್ಟಿದ್ದ.

"ನಿನ್ ಕಣ್ಣೀರು ನೋಡಿದೀನಿ, ಇನ್ನೂ ಹದಿನೈದು ವರ್ಷ ಆಯಸ್ಸು ಕೊಟ್ಟಿದೀನಿ ಅಂತದೆ ಕಣವ್ವ," ಎಂದು ಓದಿಬಿಟ್ಟಳು.

ಅವ್ವ ಒಂದು ದಿನ ನೆಮ್ಮದಿಯಾಗಿ ಉಣ್ಣಲಿ ಎಂದಷ್ಟೇ ಇತ್ತು ಅವಳ ಮನಸ್ಸಿನಲ್ಲಿ. ಆದರೆ ಅವ್ವ ಆಪರೇಷನ್ನಿನ ಚೀಟಿಯನ್ನು ಮಡಚಿ, ಅಲ್ಲಾಡುತ್ತಿದ್ದ ಗ್ಯಾಸ್ ಸ್ಟೌವಿನ ಕಾಲಿಗೆ ಒತ್ತು ಕೊಟ್ಟಳು. ಸಭೆಯಲ್ಲಿ ಪಾಸ್ಟರ್ ಅವಳನ್ನು ಎರಡು ಸಲ ಎಬ್ಬಿಸಿ ನಿಲ್ಲಿಸಿ ಆ ವಾಗ್ದಾನದ ಬಗ್ಗೆ ಸಾಕ್ಷಿ ಹೇಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೆದರಿದ ಧರಣಿ ಆ ಅಧ್ಯಾಯದ ಕೊನೆಯನ್ನೂ ಓದಿದಳು. "ನೋಡವ್ವ, ದೇವ್ರು ಮಾತು ಕೊಟ್ಮೇಲೂ ರಾಜನ ಹುಣ್ಣಿಗೆ ಅಂಜೂರ ಕಟ್ಟವ್ರೆ. ಔಷ್ದಿ ಮಾಡ್ಸು ಅಂತ್ಲೇ ಅದ್ರ ಅರ್ಥ."

"ಅಂಗಾದ್ರೆ ಅಂಜೂರನೇ ಕಟ್ಟು."

ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ಫಾರಿನ್ ಹೆಂಗಸಿನ ಮನೆಯಲ್ಲಿ ಅವ್ವನ ಕೆಲಸ. ಕೈಸನ್ನೆ ಮಾಡಿ ಕೇಳಿ ಒಂದು ಡಬ್ಬಿ ಒಣ ಅಂಜೂರ ತಂದಳು. ಅರೆದವಳು ಧರಣಿ, ಕಟ್ಟಿದವಳೂ ಧರಣಿ. ಸಿಹಿಗೆ ಇರುವೆ ಮುತ್ತಿದವು. "ಅವ್ಕೂ ದೇವ್ರು ಊಟ ಇಕ್ಬೇಕಲ್ಲ, ಬುಡು," ಎಂದು ಅವ್ವ ಕಾಲು ಕೊಡವಿ ನಕ್ಕಳು.

ಹುಣ್ಣು ನಾರತೊಡಗಿದ ದಿನವೂ ಧರಣಿ ನಿಜ ಹೇಳಲಿಲ್ಲ. ಹೇಳಿದರೆ ಅವ್ವನಿಗೆ ದೇವರ ಮೇಲಿನ ನಂಬಿಕೆ ಹೋಗುತ್ತಿತ್ತೋ, ಮಗಳ ಮೇಲಿನದೋ. ಯಾವುದಕ್ಕೆ ಹೆದರಿದ್ದೆನೆಂದು ಅವಳಿಗೆ ಇವತ್ತಿಗೂ ತಿಳಿಯದು.

*

"ಸೋದರಿ ಪುಟ್ಟಮಾದಮ್ಮ ಕೊನೇವರೆಗೂ ವಾಗ್ದಾನ ಹಿಡ್ಕೊಂಡಿದ್ರು," ಎಂದರು ಪಾಸ್ಟರ್, ಗುಂಡಿಯ ಅಂಚಿನಲ್ಲಿ ನಿಂತು. "ನಮ್ಮ ಹದಿನೈದು ವರ್ಷವೇ ಬೇರೆ, ದೇವರ ಹದಿನೈದು ವರ್ಷವೇ ಬೇರೆ. ಆತನ ಯೋಜನೆ ನಮಗೆ ತಿಳಿಯಲ್ಲ. ನಂಬ್ಬೇಕು, ಅಷ್ಟೆ."

"ನಮ್ ಮುನೇಸ್ವರ ಒಂದ್ ಕೋಳಿ ಈಸ್ಕೊಂಡ್ರೆ ಒಂದ್ ಕೆಲ್ಸ ಆದ್ರೂ ಮಾಡ್ಕೊಡ್ತನೆ," ಎಂದು ಬಸವಮ್ಮ ಎಲ್ಲರಿಗೂ ಕೇಳುವಂತೆ ಗೊಣಗಿದಳು.

ಹಿಜ್ಕೀಯನ ಅಧ್ಯಾಯವನ್ನೇ ಓದಿದರು ಪಾಸ್ಟರ್. ಹದಿನೈದು ವರ್ಷದವರೆಗೆ ಓದಿ ಪುಸ್ತಕ ಮುಚ್ಚಿದರು. ಅಂಜೂರದವರೆಗೆ ಹೋಗಲಿಲ್ಲ.

ಪೆಟ್ಟಿಗೆ ಇಳಿಯಿತು. ಪಾಸ್ಟರ್ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಧರಣಿ ಅವರ ಪಕ್ಕಕ್ಕೆ ಹೋಗಿ ನಿಂತಳು.

"ಪಾಸ್ಟರ್, ಕಾರ್ಡಲ್ಲಿ ಅಂಗಿರ್ಲಿಲ್ಲ. ನಾನೇ ಸುಳ್ಳು ಓದ್ದೆ. ತಾಳ್ಮೆ ಅಂತಿತ್ತು."

ಅವರು ಮೊದಲು ಸುತ್ತ ನೋಡಿದರು, ಯಾರಿಗಾದರೂ ಕೇಳಿಸಿತೇ ಎಂದು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. ಅಂಗೈಯ ಮಣ್ಣು ಕೂದಲಿಗೆ ಮೆತ್ತಿತು.

"ಅದೂ ಆತನ ಚಿತ್ತವೇ ಮಗಳೇ. ಆ ಮಾತು ನಿನ್ನ ಬಾಯಲ್ಲಿ ಇಟ್ಟೋನೂ ಆತನೇ. ಬೇರೆಯವರ ಹತ್ರ ಹೇಳೋಕ್ ಹೋಗ್ಬೇಡ. ನಂಬಿಕೇಲಿ ಚಿಕ್ಕವರಿದಾರೆ, ಕದಲ್ಬಿಡ್ತಾರೆ."

ಧರಣಿ ಬಸವಮ್ಮನ ಹತ್ತಿರ ಬಂದು ಮತ್ತೆ ಮೊದಲಿಂದ ಹೇಳಿದಳು. ಕಾರ್ಡು, ಓದಿದ್ದು, ಅಂಜೂರ ಅರೆದದ್ದು. "ಅವ್ವನ್ನ ಸಾಯಿಸ್ದೋಳು ನಾನು ದೊಡ್ಡವ್ವ."

ಕೇಳುತ್ತಾ ಕೇಳುತ್ತಾ ಬಸವಮ್ಮ ಅವಳನ್ನು ಎದೆಗೆ ಎಳೆದುಕೊಂಡಳು. "ಸುಮ್ಕಿರು ಮಗ, ಸುಮ್ಕಿರು. ನೀನೇನ್ ಮಾಡೀಯೇ? ಎಲ್ಲಾ ಅವ್ರು ತಲೆ ಕೆಡ್ಸಿದ್ದು." ಧರಣಿಯ ತಲೆಯ ಮೇಲಿಂದ ಪಾಸ್ಟರನ್ನು ನೋಡಿ ನೆಲಕ್ಕೆ ಉಗಿದಳು.

ಒಂದೇ ಒಂದು ಬೈಗುಳಕ್ಕಾಗಿ ಧರಣಿ ಕಾದಳು. ಯಾರೂ ಬಯ್ಯಲಿಲ್ಲ. ಸಲಿಕೆಯವರು ಗುಂಡಿ ಮುಚ್ಚಿ ಮಣ್ಣನ್ನು ಗುಡ್ಡೆ ಮಾಡಿದರು.

*

ಮನೆಗೆ ಹಿಂತಿರುಗುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬೀದಿಯ ತಿರುವಿನಲ್ಲಿ ಚಿಕ್ಕತಾಯಮ್ಮ ಸೆರಗಿನ ಗಂಟು ಬಿಚ್ಚಿ ಎರಡು ಮಾತ್ರೆ ಪಟ್ಟಿ ತೆಗೆದಳು.

"ಬೆಳಿಗ್ಗೇದು ನುಂಗೇ ಇಲ್ಲ ಕಣವ್ವ. ಸೊಸೆ ಊರಲ್ಲಿಲ್ಲ. ಇದ್ರಲ್ಲಿ ಬೆಳಿಗ್ಗೇದ್ಯಾವ್ದು, ಸಂಜೇದ್ಯಾವ್ದು? ಓದಿ ಹೇಳು, ನೀನು ಓದ್ದೋಳು."

ಪಟ್ಟಿಗಳ ಹಿಂದೆ ಅಂಗಡಿಯವನು ಪೆನ್ನಿನಲ್ಲಿ ಕನ್ನಡದಲ್ಲೇ ದಪ್ಪಗೆ ಬರೆದಿದ್ದ. ಧರಣಿ ಅವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮುದುಕಿಯ ರಟ್ಟೆ ಹಿಡಿದು ರಸ್ತೆ ದಾಟಿಸಿ ಮೆಡಿಕಲ್ ಶಾಪಿನ ಮುಂದೆ ನಿಲ್ಲಿಸಿದಳು.

"ಯಾವಾಗ ಯಾವ್ದು ಅಂತ ಇವ್ರಿಗೆ ನೀವೇ ಹೇಳಿ ಸಾರ್."

ಅಂಗಡಿಯವನು ಪಟ್ಟಿ ತಿರುಗಿಸಿ ನೋಡಿದ. "ಇಲ್ಲೇ ಬರ್ದಿದೀನಲ್ಲಮ್ಮ. ನಿಂಗೆ ಓದಕ್ ಬರಲ್ವಾ?"

"ಬರಲ್ಲ," ಎಂದಳು ಧರಣಿ.

ಅವನು ಅವಳ ಮುಖವನ್ನೊಮ್ಮೆ ನೋಡಿ ಪೆನ್ನು ತೆಗೆದ. ಒಂದು ಪಟ್ಟಿಯ ಮೇಲೆ ಗೀಟು ಗೀಟಾಗಿ ಕಿರಣ ಎಳೆದು ಸೂರ್ಯನನ್ನು ಬಿಡಿಸಿದ, ಇನ್ನೊಂದರ ಮೇಲೆ ಅರ್ಧ ಚಂದ್ರನನ್ನು. ಮಗುವಿಗೆ ತೋರಿಸುವಂತೆ ಎರಡನ್ನೂ ಎತ್ತಿ ಹಿಡಿದು, ಮೊದಲು ಮುದುಕಿಗೆ, ಆಮೇಲೆ ಧರಣಿಗೆ, ನಿಧಾನವಾಗಿ ತೋರಿಸಿದ.