ಹತ್ತಿಕಡ್ಡಿಯ ಕರಿ ಎಳೆ

ತಾಷ್ಕೆಂಟಿನ ನಮ್ಮ ಪ್ರಯೋಗಾಲಯದ ಮುಖ್ಯಸ್ಥ ಮಿರ್ವೊಹಿದ್‌ನನ್ನು ಎಲ್ಲರೂ ದೋಮ್ಲಾ, ಅಂದರೆ ಮೇಷ್ಟ್ರು, ಎನ್ನುತ್ತಿದ್ದರು. ಯಾರಿಗೆ ಏನು ಕಲಿಸಿದ್ದನೋ ದೇವರಿಗೇ ಗೊತ್ತು. ಕೆಲಸವೆಲ್ಲ ನನ್ನ ಸಹೋದ್ಯೋಗಿ ಹುಲ್ಕರ್‌ಳದು. ಹತ್ತಿಗಿಡದ ಒಣಕಡ್ಡಿಯಿಂದ ಲಿಗ್ನಿನ್ ಎಂಬ ಅಂಟು ತೆಗೆದು, ವಿದ್ಯುತ್ತಿನ ಸೆಳೆತದಲ್ಲಿ ಕೂದಲಿಗಿಂತ ನೂರಾರು ಪಟ್ಟು ಸಣ್ಣ ಎಳೆ ಎಳೆದು, ಅದನ್ನು ಸುಟ್ಟು ಇದ್ದಿಲಾಗಿಸುತ್ತಿದ್ದಳು. ಆ ಎಳೆಯ ತುಂಬ ಕಣ್ಣಿಗೆ ಕಾಣದ ತೂತುಗಳು. ವಿದ್ಯುತ್ತು ಅಡಗಿ ಕೂರುವುದೇ ಅಲ್ಲಿ.

ಮಂತ್ರಿಗಳು ನೋಡಲು ಬರುತ್ತಾರೆಂದು ಗೊತ್ತಾದದ್ದೇ ತಡ, ದೋಮ್ಲಾ ಕುಲುಮೆಯ ಬಳಿ ಓಡಿಬಂದ.

"ಏನಮ್ಮಾ ಇದು ಬಸವನಹುಳು ನಡಿಗೆ? ಶಾಖ ಜೋರು ಮಾಡು."

"ಮೊದ್ಲು ಸಣ್ಣ ಕಾವಲ್ಲಿ ಎಳೆ ಗಟ್ಟಿಯಾಗ್ಬೇಕು ದೋಮ್ಲಾ. ಅವಸರ ಮಾಡಿದ್ರೆ ಕರಗಿ ಅಂಟ್ಕೊಂಡ್ಬಿಡತ್ತೆ."

"ನಂಗೇ ಪಾಠ ಹೇಳ್ತೀಯಾ?" ಎಂದು ತಾನೇ ಗುಂಡಿ ತಿರುಗಿಸಿದ.

ಕುಲುಮೆ ತೆರೆದಾಗ ಸೀದುಹೋದ ಪಾಕದಂಥ ಕರಿ ಹೆಂಟೆ ಸಿಕ್ಕಿತು. ಅವನು ನಾಚಲಿಲ್ಲ, ನಾಚಲಿಕ್ಕೂ ಒಂದಿಷ್ಟು ಬುದ್ಧಿ ಬೇಕು. ಹೊರದೇಶದಿಂದ ಇಂಗಾಲದ ಬಟ್ಟೆ ತರಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ನಮ್ಮ ಹತ್ತಿಕಡ್ಡಿಯದೆಂದು ಚೀಟಿ ಅಂಟಿಸಿದ.

"ಎಷ್ಟು ನಯವಾಗಿದೆ! ಕಡ್ಡಿಯಿಂದ್ಲೇನಾ?" ಎಂದರು ಮಂತ್ರಿಗಳು.

"ಕಡ್ಡಿಯಿಂದ್ಲೇ," ಎಂದು ದೋಮ್ಲಾ ಎದೆಯ ಮೇಲೆ ಕೈಯಿಟ್ಟು ಬಾಗಿದ.

ಹುಲ್ಕರ್ ಮರ್ಗಿಲಾನಿನ ರೇಷ್ಮೆ ನೇಕಾರರ ಮಗಳು. ಅವಳಿಗೆ ತಡೆಯಲಾಗಲಿಲ್ಲ.

"ದೋಮ್ಲಾ, ಹಾಸು ಹೊಕ್ಕು ಎದ್ದು ಕಾಣ್ತಿದೆಯಲ್ಲ! ನಮ್ಮೆಳೆ ಜೇಡರಬಲೆ ಥರ ಬಿದ್ದು ಕೂಡ್ಕೊಳ್ಳತ್ತೆ, ಅದನ್ನ ಯಾರೂ ನೇಯಲ್ಲ. ನಿಮ್ಮ ಮಗ್ಗ ಎಲ್ಲಿದೆ ತೋರ್ಸಿ?"

ಮಂತ್ರಿಗಳು ಬಟ್ಟೆ ನೋಡಿದರು, ದೋಮ್ಲಾನನ್ನು ನೋಡಿದರು, ಆಮೇಲೆ ಕೇಳಿದ್ದು ಒಂದೇ ಮಾತು: "ಪಲೋವ್ ರೆಡಿನಾ?"

ಗುಂಪೆಲ್ಲ ಕುರಿಮಂದೆಯಂತೆ ಊಟದ ಕೋಣೆಗೆ ನುಗ್ಗಿತು.

ಹುಲ್ಕರ್ ನನ್ನೊಂದಿಗೆ ಅಲ್ಲೇ ಉಳಿದು ಹೊಸ ಎಳೆಗಳನ್ನು ಕುಲುಮೆಗಿಟ್ಟಳು. ಈ ಸಲ ನಿಧಾನವಾಗಿ ಕಾಯಿಸಿದಳು. ಬಂದದ್ದು ಮಸಿಬಣ್ಣದ, ಕಾಗದದಂತೆ ಬಾಗುವ ಹಾಳೆ. ಅದರಿಂದ ಮಾಡಿದ ಅಂಗಿಗುಂಡಿಯಷ್ಟು ಪುಟ್ಟ ವಿದ್ಯುತ್ ಕೋಶ ಕ್ಷಣದಲ್ಲಿ ತುಂಬಿಕೊಂಡು ದೀಪ ಬೆಳಗಿಸಿತು. ಅವಳು ಅತ್ತಳು, ನಾನು ನೋಡದವಳಂತೆ ಚಹಾ ಬಗ್ಗಿಸಿದೆ.

ವಾಸನೆ ಹಿಡಿದು ಬಂದ ದೋಮ್ಲಾ, "ಇದ್ರ ಬಗ್ಗೆ ಬರೆಯೋ ಲೇಖನದಲ್ಲಿ ನನ್ನ ಹೆಸ್ರು ಮೊದ್ಲು ಇರ್ಲಿ," ಎಂದ.

"ಆಗ್ಲಿ. ಲಿಗ್ನಿನ್ ಅಂದ್ರೇನು, ಹೇಳ್ಬಿಡಿ," ಎಂದಳು ಅವಳು.

ಗಡ್ಡ ಕೆರೆದುಕೊಂಡು, "ಹತ್ತಿಬೀಜದ ಎಣ್ಣೆ ತಾನೇ?" ಎಂದ.

ಹುಲ್ಕರ್ ಅವನ ಮುಖದ ಮೇಲೇ ನಕ್ಕಳು. ಲೇಖನದಲ್ಲಿ ಅವನ ಹೆಸರು ಬರಲಿಲ್ಲ. ಅವಳ ಕೆಲಸವೂ ಉಳಿಯಲಿಲ್ಲ. ಈಗ ದೂರದ ನುಕುಸ್ ಊರಿನಲ್ಲಿ ಸ್ವಂತ ತಂಡ ಕಟ್ಟಿಕೊಂಡು ನೆಮ್ಮದಿಯಾಗಿದ್ದಾಳೆ. ದೋಮ್ಲಾನಿಗೆ ನವ್ರೋಜ್ ಹಬ್ಬಕ್ಕೆ ಪದಕ ಬಂತು. ಅದನ್ನು ಮನೆಯಲ್ಲಿ ಪೈಜಾಮದ ಮೇಲೂ ಚುಚ್ಚಿಕೊಂಡಿರುತ್ತಾನಂತೆ.